ಅಮ್ಮನ ಚಳಿಗೊಂದು ಹಗುರ ಪ್ಯಾಂಟು

ಕೆಲವರು ಮನಸ್ಸಿಗೆ ಕಸಿವಿಸಿಯಾದಾಗ ಹಾಡು ಕೇಳುತ್ತಾರೆ, ಕೆಲವರು ತಲೆಗೆ ಎಣ್ಣೆ ಹಚ್ಚಿಕೊಂಡು ಮಲಗುತ್ತಾರೆ. ನಾನು ಸ್ಕೇಲು ತೆಗೆದು ಗೆರೆ ಎಳೆಯುತ್ತೇನೆ. ಒಂಬತ್ತನೆಯ ತರಗತಿಯಿಂದ ದಿನಚರಿ ಬರೆಯುತ್ತಿದ್ದೇನೆ. ಅದರಲ್ಲಿ ಭಾವನೆಗಳು ಕಡಿಮೆ, ಅಂಕಿಗಳು ಜಾಸ್ತಿ. ಮೊದಲ ಮಳೆ ಯಾವ ದಿನ ಬಂತು, ಜುಲೈಯಲ್ಲಿ ಒಗೆದ ಬೆಡ್‌ಶೀಟು ಎಷ್ಟು ದಿನ ಒಣಗಲಿಲ್ಲ, ಉಪ್ಪಿನಂಗಡಿಯ ಚಿಕ್ಕಮ್ಮ "ನಾಡಿದ್ದು ಬರ್ತೇನೆ" ಎಂದು ಎಷ್ಟು ಸಲ ಹೇಳಿ ಎಷ್ಟು ಸಲ ಬಂದರು (ಹನ್ನೊಂದಕ್ಕೆ ಎರಡು), ಇಂಥವೇ. ಕಳೆದ ವರ್ಷ ಒಂದು ಗಂಡಿನ ಕಡೆಯವರು ನನ್ನನ್ನು ನೋಡಲು ಬಂದಿದ್ದರು. ಹವ್ಯಾಸ ಏನು ಎಂದು ಹುಡುಗನ ತಾಯಿ ಕೇಳಿದಾಗ, "ಲೆಕ್ಕ ಇಡುವುದು" ಎಂದೆ. ನಾವು ತಿಂದ ಬಿಸ್ಕೂಟನ್ನೂ ಇವಳು ಬರೆದಿಡುತ್ತಾಳೋ ಏನೋ ಎಂಬ ಅನುಮಾನ ಆ ತಾಯಿಯ ಮುಖದಲ್ಲಿ ಹಾದುಹೋಯಿತು. ಬರೆದಿದ್ದೆ. ಆರು.

ಈ ಗುಣಕ್ಕೆ ತಕ್ಕ ಕೆಲಸವೇ ಸಿಕ್ಕಿದೆ. ಪುತ್ತೂರಿನ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಟೆಕ್ನಿಶಿಯನ್ ಆಗಿದ್ದೇನೆ. ಅಲ್ಲಿ ಯಾರೂ ನನ್ನನ್ನು ವಿಚಿತ್ರವಾಗಿ ನೋಡುವುದಿಲ್ಲ. ಆದರೆ ಕಬಕದ ನಮ್ಮ ಮನೆಯಲ್ಲಿ ಹಾಗಲ್ಲ. ನಮ್ಮಮ್ಮ ಟೈಲರು. ಬ್ಲೌಸು, ಚೂಡಿದಾರು, ಶಾಲೆಯ ಯೂನಿಫಾರ್ಮು ಹೊಲಿಯುತ್ತಾ ಮೂವತ್ತು ವರ್ಷ ಮೆಷಿನಿನ ಮುಂದೆ ಕುಳಿತವಳು. ಜಂಕ್ಷನಿನ ಆಚೀಚೆ ಎಲ್ಲರಿಗೂ ಅವಳು ಟೈಲರಕ್ಕ. ಅಳತೆಯನ್ನು ಅವಳೂ ಬರೆಯುತ್ತಾಳೆ, ಆದರೆ ಹಾಲಿನ ಪ್ಯಾಕೆಟ್ಟಿನ ಮೇಲೆ, ಕ್ಯಾಲೆಂಡರಿನ ಅಂಚಿನಲ್ಲಿ, ಒಮ್ಮೊಮ್ಮೆ ಗೋಡೆಯ ಮೇಲೆ. ಗೋಡೆಗೆ ಸುಣ್ಣ ಬಳಿದ ವರ್ಷ ಅರ್ಧ ಕಬಕದ ಎದೆಸುತ್ತಳತೆ ಕಳೆದುಹೋಯಿತು.

ಕಳೆದ ನವೆಂಬರಿನಲ್ಲಿ ಅಮ್ಮನ ಮೂರು ತಿಂಗಳ ಸರಾಸರಿ ಸಕ್ಕರೆ ಎಂಟು ಪಾಯಿಂಟ್ ನಾಲ್ಕು ಬಂತು. ಡಾಕ್ಟರರು ರಿಪೋರ್ಟು ನೋಡಿ, ಅಮ್ಮನನ್ನು ನೋಡಿ, "ಕೂತಲ್ಲೇ ಕೂರುವ ಕೆಲಸ ಅಲ್ವಾ ನಿಮ್ಮದು? ದಿನಾ ಮುಕ್ಕಾಲು ಗಂಟೆ ನಡೀರಿ. ಫೆಬ್ರವರಿಯಲ್ಲಿ ಇನ್ನೊಮ್ಮೆ ನೋಡುವ. ಏಳೂವರೆಗಿಂತ ಕೆಳಗೆ ಬರದಿದ್ದರೆ ಇನ್ಸುಲಿನ್ ಇಂಜೆಕ್ಷನ್ನೇ ಗತಿ" ಎಂದರು. ಅಮ್ಮನ ಮುಖ ಬಿಳುಚಿಕೊಂಡಿತು. ಓದುಗರು ನಂಬಲಿಕ್ಕಿಲ್ಲ, ಮೂವತ್ತು ವರ್ಷ ಸೂಜಿಯ ಜೊತೆ ಬಾಳಿದ ಹೆಂಗಸಿಗೆ ಸೂಜಿಯೆಂದರೆ ಜೀವ ಹೋಗುವಷ್ಟು ಹೆದರಿಕೆ. ಮೆಷಿನಿನ ಸೂಜಿ ಎರಡು ಸಲ ಬೆರಳು ದಾಟಿ ಹೋಗಿದೆ. ಆಗ ಎಣ್ಣೆ ಹಚ್ಚಿ ಚಿಂದಿ ಸುತ್ತಿ ಹೊಲಿಗೆ ಮುಗಿಸಿದ್ದಾಳೆ. ಆದರೆ ಲ್ಯಾಬಿನಲ್ಲಿ ರಕ್ತ ತೆಗೆಯುವಾಗ ಮಾತ್ರ ಕಣ್ಣು ಮುಚ್ಚಿ ಕುರ್ಚಿಯ ಕೈ ಹಿಡಿದು ಕುಳಿತಿರುತ್ತಾಳೆ. ಸ್ವಂತ ಮಗಳು ಟೆಕ್ನಿಶಿಯನ್ ಆಗಿದ್ದರೂ ನನ್ನ ಕೈಗೆ ಅದುವರೆಗೆ ತೋಳು ಕೊಟ್ಟವಳಲ್ಲ. "ನೀನು ಸಣ್ಣದಿರುವಾಗ ಗೊಂಬೆಗೆ ಚುಚ್ಚಿದ್ದು ನಾನು ನೋಡಿದ್ದೇನೆ" ಎನ್ನುತ್ತಾಳೆ.

ನಡಿಗೆ ಶುರುವಾಯಿತು. ಮನೆಯಿಂದ ನೀರಿನ ಟ್ಯಾಂಕಿನವರೆಗೆ ಹೋಗಿ ಬರುವುದು, ನಲವತ್ತನಾಲ್ಕು ನಿಮಿಷ. ಜೊತೆಗೆ ಪಕ್ಕದ ಮನೆಯ ಜುಬೈದಕ್ಕ. ಅವರಿಬ್ಬರೂ ತೊಟ್ಟ ನೈಟಿಯ ಹೆಗಲ ಮೇಲೊಂದು ಬೈರಾಸು, ಎಂದರೆ ತೆಳು ಟವೆಲು, ಹಾಕಿಕೊಂಡು ಹೊರಡುತ್ತಿದ್ದರು. ನಮ್ಮ ಕಡೆ ಹೆಗಲ ಮೇಲೆ ಬೈರಾಸು ಬಿದ್ದರೆ ನೈಟಿಗೆ ಸೀರೆಯ ಮರ್ಯಾದೆ ಬರುತ್ತದೆ. ನಾನು ಜಗಲಿಯಲ್ಲಿ ಕಾಫಿ ಹಿಡಿದು, ಶಾಲು ಹೊದ್ದು ಕುಳಿತು, ಹೊರಟ ಹೊತ್ತು, ಬಂದ ಹೊತ್ತು ಬರೆದುಕೊಳ್ಳುತ್ತಿದ್ದೆ. ಯಾವ ಯೋಜನೆಗೂ ಒಬ್ಬ ಮೇಲ್ವಿಚಾರಕಿ ಬೇಕಲ್ಲ. ನವೆಂಬರಿನಲ್ಲಿ ಉಳಿದ ಇಪ್ಪತ್ತೈದು ದಿನಗಳಲ್ಲಿ ಅಮ್ಮ ಇಪ್ಪತ್ತೆರಡು ದಿನ ನಡೆದಳು. ನನ್ನ ಪುಸ್ತಕದಲ್ಲಿ ಅಷ್ಟು ಸೊಗಸಾದ ತಿಂಗಳು ಬೇರೆ ಇಲ್ಲ.

ಆಮೇಲೆ ಡಿಸೆಂಬರು ಬಂತು. ಚಳಿಗಾಲ ನಮ್ಮಲ್ಲಿ ಋತುವಲ್ಲ, ನೆಂಟ. ಬೆಳಕು ಹರಿಯುವ ಮೊದಲು ಬಂದು ಎಂಟೂವರೆಗೆ ಹೊರಟು ಹೋಗುತ್ತದೆ. ನಾನು ಜಗಲಿಯ ಕಂಬಕ್ಕೆ ಕಟ್ಟಿದ ಥರ್ಮಾಮೀಟರಿನಲ್ಲಿ ಹತ್ತೊಂಬತ್ತಕ್ಕಿಂತ ಕೆಳಗೆ ಪಾದರಸ ಇಳಿದದ್ದೇ ಇಲ್ಲ. ಉತ್ತರದ ಕಡೆಯವರು ಕೇಳಿದರೆ ನಕ್ಕಾರು. ಆದರೆ ಮಂಜು ಬೀಳುವ ಆ ಎರಡು ಗಂಟೆ ಅಮ್ಮನ ಮೊಣಕಾಲು ನಗುವುದಿಲ್ಲ. ಮೆಷಿನ್ ತುಳಿದು ತುಳಿದು ಸವೆದ ಮೊಣಕಾಲು. ಡಿಸೆಂಬರ್ ಒಂದರಿಂದ ಹತ್ತರವರೆಗೆ ಅಮ್ಮ ನಡೆದದ್ದು ನಾಲ್ಕು ದಿನ. ಕಾರಣದ ಕಾಲಮಿನಲ್ಲಿ ಆರು ಸಲ ಒಂದೇ ಪದ ಬರೆದೆ: ಚಳಿ.

"ಎಂತ ಮಾಡುದು ಮಗಾ, ಮೊಣಗಂಟು ಹಿಡಿದು ಹಾಕ್ತದೆ. ಬಿಸಿಲು ಬಂದ ಮೇಲೆ ಹೋಗ್ತೇನೆ" ಎಂದಳು ಅಮ್ಮ. ಬಿಸಿಲು ಬಂದ ಮೇಲೆ ಗಿರಾಕಿಗಳೂ ಬರುತ್ತಾರೆ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು. ಫೆಬ್ರವರಿಗೆ ಎಂಟು ವಾರ ಉಳಿದಿತ್ತು. ಆ ದಿನವೇ ಹೊಸ ಪುಟ ತೆಗೆದು ಬರೆದೆ: ಬೇಕಾಗಿರುವುದು ಒಂದು ಪ್ಯಾಂಟು. ಮೊದಲನೆಯದು, ಬೆಚ್ಚಗಿರಬೇಕು. ಎರಡನೆಯದು, ಹಗುರ ಇರಬೇಕು, ಮುನ್ನೂರು ಗ್ರಾಮಿಗಿಂತ ಕಡಿಮೆ, ಯಾಕೆಂದರೆ ಮೊಣಕಾಲಿಗೆ ಭಾರವಾಗಬಾರದು. ಮೂರನೆಯದು, ಅಮ್ಮ ಹಾಕಬೇಕು. ಮೂರನೆಯದರ ಕೆಳಗೆ ಎರಡು ಗೆರೆ ಎಳೆದೆ. ಪ್ಯಾಂಟು ಎಂಬ ವಸ್ತುವನ್ನು ಅಮ್ಮ ಸಾವಿರಾರು ಜನರ ಕಾಲಿಗೆ ಹೊಲಿದು ಹಾಕಿದ್ದಾಳೆ, ತನ್ನ ಕಾಲಿಗೆ ಒಮ್ಮೆಯೂ ಹಾಕಿಲ್ಲ.

ಅಪ್ಪ ಬಸ್ಸು ಡ್ರೈವರು. ಕಬಕದಿಂದ ಪುತ್ತೂರು ದಾಟಿ ಕಡಬಕ್ಕೆ ದಿನಕ್ಕೆ ನಾಲ್ಕು ಟ್ರಿಪ್ಪು. ಬೆಳಗಿನ ಟ್ರಿಪ್ಪಿನಲ್ಲಿ ಗಾಜು ಒರೆಸುತ್ತಾ ಮಂಜಿನೊಳಗೆ ಹೋಗುವವರಾದ್ದರಿಂದ ಚಳಿಯ ವಿಷಯದಲ್ಲಿ ಮಾತಾಡುವ ಹಕ್ಕು ತಮಗೇ ಎಂದು ತಿಳಿದಿದ್ದಾರೆ. "ನನ್ನ ಹಳೇ ಖಾಕಿ ಪ್ಯಾಂಟು ಉಂಟಲ್ಲಾ, ಅದನ್ನೇ ಹಾಕಲಿ. ಅದರಲ್ಲಿ ನಾನು ಹತ್ತು ಚಳಿಗಾಲ ತೆಗೆದಿದ್ದೇನೆ" ಎಂದರು. "ಹಾಕ್ತೇನೆ. ಮತ್ತೆ ಟ್ಯಾಂಕಿನ ಹತ್ತಿರ ಜನ ನನಗೆ ಕೈ ಅಡ್ಡ ಹಿಡಿದರೆ ನಿಲ್ಲಿಸಬೇಕಾ?" ಎಂದಳು ಅಮ್ಮ. ಖಾಕಿಯ ತೂಕ ಆರುನೂರ ಹತ್ತು ಗ್ರಾಮ್. ಅಲ್ಲಿಗೆ ಅದು ಮುಗಿಯಿತು.

ಶನಿವಾರ ಮಧ್ಯಾಹ್ನ ಪುತ್ತೂರಿನ ಮೂರು ಬಟ್ಟೆ ಅಂಗಡಿ ಹತ್ತಿ ಇಳಿದೆ. ಹಗುರವಾದ, ಬೆಚ್ಚಗಿನ, ಹೆಂಗಸರು ನಡೆಯಲು ಹಾಕುವ ಪ್ಯಾಂಟು ಎಂದೆ. ಮೊದಲ ಅಂಗಡಿಯವನು ಯೋಚಿಸಿ, ಏಣಿ ಹತ್ತಿ, ಧೂಳು ಕೊಡವಿ ಒಂದು ಕಟ್ಟು ಇಳಿಸಿದ. ಬಿಚ್ಚಿದರೆ ರೈನ್‌ಕೋಟಿನ ಪ್ಯಾಂಟು. "ಇದು ಮಳೆಗೆ ಅಲ್ವಾ?" ಎಂದೆ. "ಮಳೆಗೇ. ಆದರೆ ಒಳಗೆ ಒಳ್ಳೆ ಬೆಚ್ಚಗೆ ಆಗ್ತದೆ. ಬೇಕಾದರೆ ಬೇಯ್ತದೆ ಕೂಡಾ" ಎಂದ. ಎರಡನೆಯ ಅಂಗಡಿಯಲ್ಲಿಯೂ ಮಳೆ, ಮೂರನೆಯದರಲ್ಲಿಯೂ ಮಳೆ. ಮೂರನೆಯವರು ನನ್ನ ಮೇಲೆ ಕರುಣೆ ತೋರಿ, "ಮಳೆಗೆ ಬೇಕಾದರೆ ಎಷ್ಟು ಬಗೆ ಬೇಕು ಕೇಳಿ, ಕೊಡುವ. ಚಳಿಗೆ ಅಂತ ನಮ್ಮಲ್ಲಿ ಯಾರು ಬಟ್ಟೆ ತೆಗೀತಾರೆ ಮಾರಾಯ್ರೆ? ನೀವು ಸುಳ್ಯಕ್ಕೆ ಹೋಗಿ. ಮಡಿಕೇರಿಗೆ ಹೋಗುವವರು ಅಲ್ಲೇ ಇಳಿದು ತಗೊಳ್ಳುದು" ಎಂದರು.

ಮರುದಿನ ಭಾನುವಾರವೇ ಸುಳ್ಯಕ್ಕೆ ಹೋದೆ. ಅಲ್ಲಿ ನಿಜವಾಗಿಯೂ ಇತ್ತು. ಘಟ್ಟ ಹತ್ತುವ ಮೊದಲು ಚಳಿ ನೆನಪಾಗುವವರಿಗಾಗಿ ಟೊಪ್ಪಿ, ಮಫ್ಲರು, ಉಣ್ಣೆಯ ಪ್ಯಾಂಟುಗಳನ್ನು ತೂಗುಹಾಕಿದ್ದರು. ಒಂದನ್ನು ಮುಟ್ಟಿ ನೋಡಿದೆ, ಕುರಿಯನ್ನೇ ಮುಟ್ಟಿದಂತಾಯಿತು. "ತೂಕ ಎಷ್ಟು ಉಂಟು?" ಎಂದು ಕೇಳಿದೆ. ಅಂಗಡಿಯ ಹುಡುಗಿ ನನ್ನನ್ನೇ ನೋಡಿದಳು. "ಪ್ಯಾಂಟಿಗೆ ಸೈಜ್ ಕೇಳ್ತಾರೆ, ತೂಕ ಯಾರೂ ಕೇಳಿದ್ದಿಲ್ಲ. ಕೋಳಿ ಅಂಗಡಿ ಆಚೆ ಬದಿ ಉಂಟು ಅಕ್ಕಾ" ಎಂದಳು. ಅವಳು ನಕ್ಕದ್ದರಿಂದ ನಾನೂ ನಕ್ಕು, ಒಂದನ್ನು ತೆಗೆದುಕೊಂಡೆ. ಸರಿಯಾಗದಿದ್ದರೆ ಎಂಟು ದಿನದೊಳಗೆ ಬದಲಾಯಿಸಬಹುದೆಂದು ಬಿಲ್ಲಿನ ಹಿಂದೆ ಬರೆಸಿಕೊಂಡೆ.

ತೂಕ ನೋಡಿದ್ದು ಹಮೀದಾಕನ ಅಂಗಡಿಯಲ್ಲಿ. ಜುಬೈದಕ್ಕನ ಗಂಡ ಹಮೀದಾಕನಿಗೆ ಜಂಕ್ಷನಿನಲ್ಲಿ ದಿನಸಿ ಮತ್ತು ಒಣಮೀನಿನ ಅಂಗಡಿ ಇದೆ. ನಾನು ಪ್ಯಾಂಟನ್ನು ತಕ್ಕಡಿಯ ಮೇಲೆ ಇಟ್ಟಾಗ ಅವರು ಕನ್ನಡಕ ಸರಿಮಾಡಿಕೊಂಡು, "ಐನೂರ ನಲವತ್ತು. ಕವರಿಗೆ ಹಾಕಬೇಕಾ?" ಎಂದರು. ನಾನು ಕತೆ ಹೇಳಿದೆ. ಚಳಿ ಎಂಬ ಪದ ಕೇಳಿದ್ದೇ ಹಮೀದಾಕ ಎದುರಿದ್ದ ಗಿರಾಕಿಯನ್ನು ಮರೆತು ಸ್ಟೂಲು ಎಳೆದು ಕುಳಿತರು. ಹಮೀದಾಕ ಹದಿನೆಂಟು ವರ್ಷ ಗಲ್ಫಿನಲ್ಲಿದ್ದವರು. ಊರಿನವರೆಲ್ಲ ಅವರು ಮರುಭೂಮಿಯ ಬಿಸಿಲಲ್ಲಿ ಬೆಂದು ದುಡಿದರು ಎಂದು ತಿಳಿದಿದ್ದಾರೆ. ನಿಜವಾಗಿ ಅವರು ಹದಿನೆಂಟು ವರ್ಷವೂ ಮೀನಿನ ಕೋಲ್ಡ್ ಸ್ಟೋರೇಜಿನ ಒಳಗೆ, ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗೆ ಇದ್ದರು. ಇಡೀ ಪುತ್ತೂರು ತಾಲೂಕಿನಲ್ಲಿ ಚಳಿಯನ್ನು ಕಂಡ ಮನುಷ್ಯ ಯಾರಾದರೂ ಇದ್ದರೆ ಅದು ದುಬೈಯಿಂದ ಬಂದ ಹಮೀದಾಕ.

"ನೋಡು ಮಗಳೇ, ದಪ್ಪ ಬಟ್ಟೆ ಹಾಕಿದರೆ ಚಳಿ ಹೋಗುದು ಅಂತ ಯಾರು ಹೇಳಿದ್ದು? ಬೆಚ್ಚಗೆ ಇಡುದು ಬಟ್ಟೆ ಅಲ್ಲ, ಒಳಗೆ ನಿಂತ ಗಾಳಿ. ಹೊರಗಿನದ್ದು ತೆಳ್ಳಗೆ ಇರಬೇಕು, ಗಾಳಿ ಹೊಗಬಾರದು. ಒಳಗಿನದ್ದು ಮೆತ್ತಗೆ ಇರಬೇಕು. ಎರಡರ ಮಧ್ಯೆ ಸ್ವಲ್ಪ ಜಾಗ. ಅಷ್ಟೇ" ಎಂದರು. "ನಿಮ್ಮ ಆ ಪ್ಯಾಂಟು ಈಗ ಉಂಟಾ?" ಎಂದು ಆಸೆಯಿಂದ ಕೇಳಿದೆ. ಅವರು ಒಳಗೆ ಹೋಗಿ ಅಟ್ಟದಿಂದ ತಂದು ಮೇಜಿನ ಮೇಲೆ ನಿಲ್ಲಿಸಿದರು. ಹೌದು, ನಿಲ್ಲಿಸಿದರು, ಅದು ತಾನಾಗಿಯೇ ನಿಂತಿತು. ಎರಡು ಕಾಲಿರುವ ಹಾಸಿಗೆ. ಎದುರಿದ್ದ ಗಿರಾಕಿ, ಕಾಲು ಕೆಜಿ ನಂಗ್ ಮೀನಿಗೆ ಹತ್ತು ನಿಮಿಷದಿಂದ ಕಾದವರು, "ಅದಕ್ಕೂ ಒಂದು ಚಾ ಕೊಡಿ ಹಮೀದಾಕ, ಪಾಪ, ನಿಂತೇ ಉಂಟು" ಎಂದರು.

ಉಣ್ಣೆಯ ಪ್ಯಾಂಟನ್ನು ಸುಳ್ಯದವರು ಮೂಸಿ ನೋಡಿ ಬದಲಾಯಿಸಲು ಒಪ್ಪಲಿಲ್ಲ. ಒಣಮೀನಿನ ತಕ್ಕಡಿಯ ವಿಚಾರ ನನ್ನ ಕಾಲಮುಗಳಲ್ಲಿ ಇರಲಿಲ್ಲ. ಆದರೆ ಹಮೀದಾಕನ ಸೂತ್ರ ಹಿಡಿದು ಮೊಬೈಲಿನಲ್ಲಿ ನಾಲ್ಕು ಸಂಜೆ ಹುಡುಕಿ, ಇಪ್ಪತ್ತಾರು ಪ್ಯಾಂಟುಗಳ ಪಟ್ಟಿ ಮಾಡಿ, ಹನ್ನೊಂದಕ್ಕೆ ಇಳಿಸಿ, ಮೂರಕ್ಕೆ ಇಳಿಸಿ, ಒಂದನ್ನು ತರಿಸಿದೆ. ಹೊರಗೆ ತೆಳು, ಒಳಗೆ ಬೆಕ್ಕಿನ ಹೊಟ್ಟೆಯಂತೆ ಮೆತ್ತಗೆ. ಇನ್ನೂರ ಎಂಬತ್ತು ಗ್ರಾಮ್. ಈ ಸಲ ತೂಗಿದ್ದು ಲ್ಯಾಬಿನ ಪಕ್ಕದ ಕೊರಿಯರ್ ಆಫೀಸಿನಲ್ಲಿ. ಡಿಸೆಂಬರ್ ಇಪ್ಪತ್ತೆರಡರ ಸಂಜೆ ಅದನ್ನು ಅಮ್ಮನ ಕೈಯಲ್ಲಿಟ್ಟಾಗ ನನಗಾದ ಹೆಮ್ಮೆಯನ್ನು ಅಳೆಯುವ ಸಾಧನ ಇಲ್ಲ.

ಅಮ್ಮ ಪ್ಯಾಂಟನ್ನು ಹೊರಗಿನಿಂದ ನೋಡಲೇ ಇಲ್ಲ. ತೆಗೆದವಳೇ ಒಳಮೈ ತಿರುಗಿಸಿದಳು. ಟೈಲರುಗಳು ಬಟ್ಟೆಯನ್ನು ನೋಡುವುದೇ ಹಾಗೆ. ಮದುವೆಮನೆಯಲ್ಲಿ ಕೂಡ ಅಮ್ಮ ಮದುಮಗಳನ್ನು ನೋಡುವುದಿಲ್ಲ, ಬ್ಲೌಸಿನ ಕಂಕುಳನ್ನು ನೋಡುತ್ತಾಳೆ. ಹೊಲಿಗೆಯ ಮೇಲೆ ಬೆರಳಾಡಿಸಿ, "ಇದಕ್ಕೆ ಕಣ್ಣು ಮುಚ್ಚಿ ಮೆಷಿನ್ ಓಡಿಸಿದ್ದಾ? ಒಳಗೆ ಅರ್ಧ ಇಂಚು ಕೂಡಾ ಬಟ್ಟೆ ಬಿಟ್ಟಿಲ್ಲ. ಕಿಸೆ ಎಲ್ಲಿ?" ಎಂದಳು. "ಅಮ್ಮಾ, ಹಾಕಿ ನೋಡು ಮೊದಲು" ಎಂದೆ. "ನೋಡುವ" ಎಂದಳು. ನಮ್ಮ ಮನೆಯಲ್ಲಿ 'ನೋಡುವ' ಎಂದರೆ ಏನು ಬೇಕಾದರೂ ಆಗಬಹುದು.

ಮರುದಿನ ಸಂಜೆ ನಾನು ಲ್ಯಾಬಿನಿಂದ ಬಂದಾಗ ನನ್ನ ಇಪ್ಪತ್ತಾರರಲ್ಲಿ ಒಂದಾದ ಪ್ಯಾಂಟು ಕತ್ತರಿಸುವ ಮೇಜಿನ ಮೇಲೆ ನಾಲ್ಕು ತುಂಡಾಗಿ ಮಲಗಿತ್ತು. ಎರಡು ಮುಂದಿನವು, ಎರಡು ಹಿಂದಿನವು. ಪಕ್ಕದಲ್ಲಿ ಇಲಾಸ್ಟಿಕ್ಕು ಪ್ರತ್ಯೇಕವಾಗಿ ಸುರುಳಿ ಸುತ್ತಿಕೊಂಡು ಬಿದ್ದಿತ್ತು. ರೆಡಿಮೇಡ್ ಎಂದರೆ ಅರ್ಧ ಹೊಲಿದು ಬಿಟ್ಟ ಬಟ್ಟೆ ಎಂಬುದು ಅಮ್ಮನ ಸಿದ್ಧಾಂತ. ಅದನ್ನು ಬಿಚ್ಚಿ ಪೂರ್ತಿ ಮಾಡದೆ ಮೈಗೆ ಹಾಕುವುದು ಅವಳ ವೃತ್ತಿಗೆ ಅವಮಾನ. "ಹೆದರಬೇಡ, ಹೊಲಿದು ಕೊಡ್ತೇನೆ. ಸ್ವಲ್ಪ ಲೈನಿಂಗ್ ಹಾಕುವ ಅಂತ" ಎಂದಳು. ಲೈನಿಂಗ್ ಎಂದು ಹಾಕಿದ್ದು ಹಳೆಯ ಹೊದಿಕೆಯ ತುಂಡು. ಜೊತೆಗೆ ಎರಡು ಕಿಸೆ, ಜಿಪ್ಪು, ಸೊಂಟಕ್ಕೆ ಎರಡು ಪದರ ಪಟ್ಟಿ. ಹೊಲಿಗೆ ಮಾತ್ರ ನೋಡುವಂತಿತ್ತು. ತೂಕ ಐನೂರ ಹದಿನೈದು.

ಆ ಪ್ಯಾಂಟಿನಲ್ಲಿ ಅಮ್ಮ ಡಿಸೆಂಬರ್ ಇಪ್ಪತ್ತೈದರಂದು ಆರು ಹತ್ತಕ್ಕೆ ಹೊರಟು ಆರು ಇಪ್ಪತ್ತೊಂದಕ್ಕೆ ಬಂದಳು. ಬೆವರಿನಿಂದ ತೊಯ್ದಿದ್ದಳು. "ಬೆಚ್ಚಗೆ ಉಂಟು" ಎಂದಷ್ಟೇ ಹೇಳಿ ಸ್ನಾನಕ್ಕೆ ಹೋದಳು. ನಾನು ಆ ದಿನ ಅವಳೊಡನೆ ಮಾತಾಡಲಿಲ್ಲ. ಅವಳೂ ನನ್ನೊಡನೆ ಮಾತಾಡಲಿಲ್ಲ, ಆದರೆ ನನ್ನ ಟಿಫಿನ್ ಡಬ್ಬಿಯಲ್ಲಿ ಕೇಳದೆಯೇ ಗೋಳಿಬಜೆ ಇತ್ತು. ನಮ್ಮಮ್ಮ ಕ್ಷಮೆ ಕೇಳುವುದು ಎಣ್ಣೆಯಲ್ಲಿ ಕರಿದು. ತಿನ್ನುತ್ತಾ ನನಗೆ ಅಳು ಬಂತು. ದಿನಕ್ಕೆ ನಾಲ್ಕೈದು ಜನ ಮೊದಲ ಸಲ ಇನ್ಸುಲಿನ್ ಚೀಟಿ ಹಿಡಿದು ನಮ್ಮ ಲ್ಯಾಬಿನ ಬೆಂಚಿನಲ್ಲಿ ಕೂರುವುದನ್ನು ನಾನು ಕಾಣುತ್ತೇನೆ. ಅವರು ಏನೂ ಆಗಿಲ್ಲವೆಂಬಂತೆ ಕೂತಿರುತ್ತಾರೆ, ಆದರೆ ಚೀಟಿಯನ್ನು ಮಡಚಿ ಮಡಚಿ ಗುಳಿಗೆಯಷ್ಟು ಚಿಕ್ಕದು ಮಾಡಿರುತ್ತಾರೆ. ಆ ಬೆಂಚಿನಲ್ಲಿ ಅಮ್ಮ ಕೂರಬಾರದು. ನನ್ನ ಅಷ್ಟೂ ಕಾಲಮುಗಳ ಅರ್ಥ ಅಷ್ಟೇ ಆಗಿತ್ತು. ಅದನ್ನು ಬಾಯಿಬಿಟ್ಟು ಹೇಳಲು ಬಾರದೆ ಗ್ರಾಮಿನ ಲೆಕ್ಕ ಹೇಳುತ್ತಿದ್ದೆ.

ಎರಡು ದಿನ ಬಿಟ್ಟು ಅಮ್ಮ ತಾನಾಗಿಯೇ ಮೇಜಿನ ಮೇಲೆ ಬಟ್ಟೆ ಹಾಸಿದಳು. ಚೂಡಿದಾರಿಗೆ ತಂದು ಉಳಿದ ತೆಳ್ಳನೆಯ, ಒತ್ತಾಗಿ ನೇಯ್ದ ಬಟ್ಟೆ. ಒಳಗೆ ಹಾಕಲು, ಹುಟ್ಟಿದ ಮಕ್ಕಳನ್ನು ಸುತ್ತುವ ಫ್ಲಾನೆಲಿನ ಎರಡು ತುಂಡು. ತುಂಡೆಂದರೆ ಅಂಗೈ ಎರಡರಷ್ಟು ಅಗಲ, ತೊಡೆಯ ನಡುವಿನಿಂದ ಮೊಣಕಾಲಿನ ಕೆಳಗಿನವರೆಗೆ, ಮುಂಭಾಗಕ್ಕೆ ಮಾತ್ರ. "ಪೂರ್ತಿ ಯಾಕೆ ಹಾಕುದಿಲ್ಲ?" ಎಂದೆ. ಅಮ್ಮ ಚಾಕ್ ಹಿಡಿದು ಗೆರೆ ಎಳೆಯುತ್ತಾ, "ಚಳಿ ಹಿಡಿಯುದು ನನ್ನ ಮೊಣಗಂಟಿಗೆ. ಹಿಂದೆ ಎಂತಕ್ಕೆ ಫ್ಲಾನೆಲು? ಹಿಂದೆ ದೇವರೇ ಕೊಟ್ಟಿದ್ದಾರೆ" ಎಂದಳು. ಎರಡೂವರೆ ವಾರ ನಾನು ಇಡೀ ಅಮ್ಮನಿಗೆ ಚಳಿಯಾಗುತ್ತದೆ ಎಂದುಕೊಂಡು ಎರಡು ಊರು ಸುತ್ತಿದ್ದೆ. ಅವಳ ಎರಡು ಮೊಣಕಾಲಿಗೆ ಮಾತ್ರ ಚಳಿಯಾಗುತ್ತಿತ್ತು. ಹೊಸ ಪ್ಯಾಂಟಿನ ತೂಕ ಇನ್ನೂರ ಮೂವತ್ತು ಗ್ರಾಮ್. ಕೊರಿಯರ್ ಆಫೀಸಿನವರು ಈಗ ನನ್ನನ್ನು ಕಂಡರೆ ಅಂಟು ಟೇಪು ತೆಗೆಯದೆ ಸುಮ್ಮನೆ ತಕ್ಕಡಿ ತೋರಿಸುತ್ತಾರೆ.

ನೈಟಿಯ ಒಳಗೆ ಅದನ್ನು ಹಾಕಿಕೊಂಡು ಅಮ್ಮ ಒಂದು ವಾರ ಒಂದು ದಿನವೂ ತಪ್ಪದೆ ನಡೆದಳು. ನಾನು ದಿನಚರಿಯಲ್ಲಿ ಒಂದು ನಕ್ಷತ್ರ ಬರೆದೆ. ಬರೆಯಬಾರದಿತ್ತು. ಎಂಟನೆಯ ದಿನ ಟ್ಯಾಂಕಿನ ಹತ್ತಿರ ಜುಬೈದಕ್ಕ, "ನೀವು ಎಂತ ಟೈಲರಕ್ಕ, ನಾನು ನಡುಗುದು, ನೀವು ಮದುಮಗಳ ಹಾಗೆ ಹೋಗುದು?" ಎಂದು ಕೇಳಿದ್ದಾರೆ. ಅಮ್ಮ ಅಲ್ಲೇ ನೈಟಿಯನ್ನು ನಾಲ್ಕು ಬೆರಳು ಎತ್ತಿ ತೋರಿಸಿದ್ದಾಳೆ. ಸಂಜೆಗೆ ಜುಬೈದಕ್ಕ ಅಳತೆ ಕೊಟ್ಟರು. ಮರುದಿನ ಅವರ ತಂಗಿ. ಅದರ ಮರುದಿನ ಅಂಗನವಾಡಿಯ ಟೀಚರು, ಅವರ ಅತ್ತೆ, ಈಶ್ವರಮಂಗಲದಿಂದ ನೆಂಟರ ಮನೆಗೆ ಬಂದಿದ್ದ ಇಬ್ಬರು. ವಾರದೊಳಗೆ ಹದಿನಾಲ್ಕು ಪ್ಯಾಂಟಿನ ಅಳತೆ ಕ್ಯಾಲೆಂಡರಿನ ಜನವರಿಯನ್ನು ಮುಚ್ಚಿಹಾಕಿತು.

ಇಷ್ಟು ಹೊಲಿಯಬೇಕಾದರೆ ಬೆಳಿಗ್ಗೆ ಐದೂವರೆಗೆ ಮೆಷಿನಿಗೆ ಕೂರಬೇಕು. ಅಮ್ಮ ಕುಳಿತಳು. ಜನವರಿ ಹನ್ನೊಂದು, ನಡೆಯಲಿಲ್ಲ. ಹನ್ನೆರಡು, ಇಲ್ಲ. ಹದಿಮೂರು, ಇಲ್ಲ. ಹದಿನಾಲ್ಕು, ಇಲ್ಲ. ಕಾರಣದ ಕಾಲಮಿನಲ್ಲಿ ನಾನು ಬರೆದೆ: ವಾಕಿಂಗ್ ಪ್ಯಾಂಟು ಹೊಲಿಯುವುದು. "ಅಮ್ಮಾ, ಊರಿನವರ ಸಕ್ಕರೆ ಇಳಿಸಲಿಕ್ಕೆ ನೀನು ಇಂಜೆಕ್ಷನ್ ತಗೊಳ್ಳುದಾ?" ಎಂದು ಕೂಗಾಡಿದೆ. "ನಾಲ್ಕು ದಿನ ಮಗಾ. ಮಾತು ಕೊಟ್ಟಾಗಿದೆ" ಎಂದಳು, ಮೆಷಿನ್ ನಿಲ್ಲಿಸದೆ.

ಈ ಮಾತು ಕೊಡುವುದೇ ಕೊನೆಗೆ ನಮ್ಮನ್ನು ಉಳಿಸಿತು. ಟೈಲರುಗಳ ಮಾತಿನ ಬಗ್ಗೆ ಓದುಗರಿಗೆ ನಾನು ಹೇಳಬೇಕಿಲ್ಲ. ಅಮ್ಮ ಸುಳ್ಳು ಹೇಳುವವಳಲ್ಲ, ಆದರೆ "ಯಾವಾಗ ಸಿಗ್ತದೆ?" ಎಂಬ ಪ್ರಶ್ನೆಗೆ ಅವಳ ಬಾಯಿಯಿಂದ "ನಾಳೆ" ಎಂಬುದನ್ನು ಬಿಟ್ಟು ಬೇರೆ ಪದ ಬರುವುದಿಲ್ಲ. ಹದಿನಾಲ್ಕು ಜನರಿಗೂ "ನಾಳೆ" ಎಂದಿದ್ದಳು. ಮಾಮೂಲಿ ಗಿರಾಕಿಗಳು ಹತ್ತು ಗಂಟೆಯ ಮೇಲೆ ಬಂದು ಕೇಳುತ್ತಾರೆ. ಆಗ ಅಮ್ಮ ಅಡುಗೆಮನೆಯಲ್ಲಿ ಅಡಗಿಕೊಂಡು, ಯಾರಾದರೂ "ಅವಳಿಲ್ಲ" ಎಂದರೆ ನಡೆಯುತ್ತದೆ. ಆದರೆ ಇವರು ನಡೆಯುವ ಗಿರಾಕಿಗಳು. ಅವರಿಗೆ ಪ್ಯಾಂಟು ನೆನಪಾಗುವುದೇ ಬೆಳಿಗ್ಗೆ ಆರಕ್ಕೆ, ಚಳಿಯಲ್ಲಿ.

ಹದಿನೈದರ ಬೆಳಿಗ್ಗೆ ನಾನು ಜಗಲಿಯಲ್ಲಿ ಕಾಫಿ ಹಿಡಿದು ಕುಳಿತಿದ್ದೆ. ಗೇಟಿನ ಹೊರಗೆ ಐದಾರು ಬೈರಾಸುಗಳು ಕಾಣಿಸಿದವು. "ಟೈಲರಕ್ಕಾ, ಪ್ಯಾಂಟು ಆಯ್ತಾ?" ಎಂದು ಜುಬೈದಕ್ಕನ ಸ್ವರ. ಒಳಗೆ ಮೆಷಿನಿನ ಸದ್ದು ಥಟ್ಟನೆ ನಿಂತಿತು. ಆರು ಗಂಟೆಗೆ ಮನೆಯಲ್ಲಿಲ್ಲ ಎಂದು ಹೇಳಿಸಿದರೆ ಯಾರು ನಂಬುತ್ತಾರೆ? ಹಿಂದಿನ ಬಾಗಿಲಿನ ಚಿಲಕದ ಸದ್ದಾಯಿತು. ನೋಡಿದರೆ ಅಮ್ಮ ಬಚ್ಚಲುಕೊಟ್ಟಿಗೆಯ ಪಕ್ಕದಿಂದ ನುಸುಳಿ, ಬಾಳೆಗಿಡಗಳ ಸಂದಿಯಿಂದ ರಸ್ತೆಗೆ ಇಳಿದು, ಟ್ಯಾಂಕಿನ ಕಡೆ ಮುಖ ಮಾಡಿ ಹೋಗುತ್ತಿದ್ದಾಳೆ. ನಾನು ಸಮಯ ನೋಡಿದೆ. ಆರು ಹನ್ನೆರಡು.

ಅಂಗನವಾಡಿ ಟೀಚರಿಗೆ ಮಕ್ಕಳನ್ನು ಹಿಡಿದು ಅಭ್ಯಾಸ. ಅವರಿಗೇ ಮೊದಲು ಕಂಡಿತು. "ಅಗೋ, ಅಲ್ಲಿ ಹೋಗ್ತಾ ಇದ್ದಾರೆ! ಟೈಲರಕ್ಕಾ, ನಿಲ್ಲಿ, ನಿಲ್ಲಿ!" ಅಮ್ಮ ನಿಲ್ಲಲಿಲ್ಲ. ಹಿಂದಿರುಗಿ ನೋಡದೆ, "ನಾಳೆ, ನಾಳೆ!" ಎಂದು ಕೈ ಬೀಸುತ್ತಾ ಹೆಜ್ಜೆ ಜೋರು ಮಾಡಿದಳು. ಬೈರಾಸುಗಳ ಗುಂಪು ಹಿಂದೆ ಬಿತ್ತು. ಮಂಜಿನೊಳಗೆ ಅವರೆಲ್ಲ ಕರಗುವವರೆಗೂ ಜುಬೈದಕ್ಕನ ದನಿ ಕೇಳುತ್ತಿತ್ತು: "ನಿಮ್ಮ ನಾಳೆಗೆ ಹಲ್ಲು ಬಿದ್ದು ಹೋಯಿತಲ್ಲ ಮಾರಾಯ್ತಿ!" ಅಮ್ಮ ಹಿಂದಿರುಗಿದ್ದು ಆರು ನಲವತ್ತಾರಕ್ಕೆ. ನಲವತ್ತನಾಲ್ಕು ನಿಮಿಷದ ದಾರಿಗೆ ಮೂವತ್ತನಾಲ್ಕು. ಏದುಸಿರು ಬಿಡುತ್ತಾ, ನಗುತ್ತಾ, ಜುಬೈದಕ್ಕನ ತೋಳು ಹಿಡಿದುಕೊಂಡು ಬಂದಳು. ಇಬ್ಬರೂ ಜಗಲಿಯ ಮೆಟ್ಟಿಲ ಮೇಲೆ ಕುಸಿದು ನೀರು ಕೇಳಿದರು.

ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಗಿರಾಕಿಗಳು ಆರಕ್ಕೆ ಬರುವರು, ಅಮ್ಮ ಆರಕ್ಕೆ ಐದು ನಿಮಿಷ ಇರುವಾಗಲೇ ಹೊರಡುವಳು. ದಿನಕ್ಕೊಂದರಂತೆ ಪ್ಯಾಂಟು ಮುಗಿದಷ್ಟೂ ಬೆನ್ನಟ್ಟುವವರು ಬೆಚ್ಚಗಾದರು, ಬೆಚ್ಚಗಾದಷ್ಟೂ ಚುರುಕಾದರು. ಅವರು ಚುರುಕಾದಷ್ಟೂ ಅಮ್ಮನೂ ಚುರುಕಾಗಬೇಕಾಯಿತು. ಎಲ್ಲರ ಪ್ಯಾಂಟು ಮುಗಿಯುವ ಹೊತ್ತಿಗೆ ಬೆನ್ನಟ್ಟುವುದು ನಿಂತು ಒಟ್ಟಿಗೆ ಹೋಗುವುದು ಉಳಿದಿತ್ತು. ಬೆಳಗಿನ ಬಸ್ಸಿನಲ್ಲಿ ಹೋಗುವಾಗ ಅಪ್ಪ ಹಾರ್ನು ಹೊಡೆದರೆ ಒಬ್ಬರೂ ದಾರಿ ಬಿಡುವುದಿಲ್ಲವಂತೆ. "ಸೊಸೈಟಿಯ ಮೀಟಿಂಗ್ ಎಲ್ಲ ರಸ್ತೆಯಲ್ಲೇ" ಎಂದು ಅಪ್ಪ ದೂರು ಕೊಟ್ಟರು.

ಫೆಬ್ರವರಿಯ ಮೊದಲ ವಾರ ಅಮ್ಮನನ್ನು ಲ್ಯಾಬಿಗೆ ಕರೆದುಕೊಂಡು ಹೋದೆ. ಕುರ್ಚಿಯಲ್ಲಿ ಕುಳಿತವಳೇ ತೋಳನ್ನು ಸೆರಗಿನೊಳಗೆ ಅಡಗಿಸಿಕೊಂಡಳು. "ನೋವಾಗುದಿಲ್ಲ ಅಮ್ಮಾ, ಇಲ್ಲಿ ನೋಡು" ಎಂದು ಧೈರ್ಯ ತುಂಬಲು ನಾನೇ ಪಕ್ಕದ ಕುರ್ಚಿಯಲ್ಲಿ ಕುಳಿತು, ನನ್ನ ಸಹೋದ್ಯೋಗಿಯ ಮುಂದೆ ತೋಳು ಚಾಚಿದೆ. ಅಮ್ಮ ಒಂದು ಕಣ್ಣು ತೆರೆದು ನೋಡಿದಳು. ನಾನು ನಗುತ್ತಲೇ ಇದ್ದದ್ದನ್ನು ಕಂಡು, ತನ್ನ ತೋಳನ್ನು ನಿಧಾನವಾಗಿ ನನ್ನ ಕಡೆಗೆ ಚಾಚಿದಳು. ನನ್ನ ಕಡೆಗೆ. ಅವಳ ರಕ್ತವನ್ನು ನಾನು ತೆಗೆದ ಮೊದಲ ಸಲ ಅದು. ಅವಳು ಕುರ್ಚಿಯನ್ನಲ್ಲ, ನನ್ನ ಕೋಟಿನ ಅಂಚನ್ನು ಹಿಡಿದುಕೊಂಡಿದ್ದಳು, ಬಟ್ಟೆ ಯಾವುದೆಂದು ನೋಡುವವರ ಹಾಗೆ. ಎರಡು ಟ್ಯೂಬುಗಳಿಗೂ ಹೆಸರು ಬರೆದು ಅಂಟಿಸಿದೆ. ತೆಗೆದ ರಕ್ತವನ್ನು ಸುಮ್ಮನೆ ಯಾಕೆ ಚೆಲ್ಲುವುದು ಎಂದು ನನ್ನದನ್ನೂ ಮೆಷಿನಿಗೆ ಇಟ್ಟೆ.

ಅಮ್ಮನದು ಏಳು ಪಾಯಿಂಟ್ ಒಂದು. ಡಾಕ್ಟರರು ಇಂಜೆಕ್ಷನಿನ ಮಾತೆತ್ತಲಿಲ್ಲ, "ಏನು ಮಾಡಿದ್ರಿ?" ಎಂದು ಕೇಳಿದರು. "ಗಿರಾಕಿಗಳಿಂದ ತಪ್ಪಿಸಿಕೊಂಡೆ" ಎಂದಳು ಅಮ್ಮ. ಅವರು ನಕ್ಕು, ಎರಡನೆಯ ರಿಪೋರ್ಟು ಕೈಗೆತ್ತಿಕೊಂಡು ನಗು ನಿಲ್ಲಿಸಿದರು. ಅದು ಇಪ್ಪತ್ತೇಳು ವರ್ಷದ, ಇಡೀ ಚಳಿಗಾಲ ಜಗಲಿಯಲ್ಲಿ ಕುಳಿತು ಪರರ ನಡಿಗೆಯನ್ನು ಬರೆದುಕೊಂಡ ಹೆಣ್ಣುಮಗಳದು. ಆರು ಪಾಯಿಂಟ್ ಒಂದು. "ಇದು ಸಕ್ಕರೆ ಕಾಯಿಲೆ ಅಲ್ಲ. ಆದರೆ ಬಾಗಿಲ ಹತ್ತಿರ ಬಂದು ಚಪ್ಪಲಿ ಬಿಚ್ಚುತ್ತಾ ಉಂಟು" ಎಂದರು ಡಾಕ್ಟರರು. ಅಮ್ಮ ನನ್ನನ್ನು ನೋಡಿದ ರೀತಿಗೆ ನನ್ನಲ್ಲಿ ಕಾಲಮಿಲ್ಲ.

ಮನೆಗೆ ಬಂದು ಅವಳು ನೀರು ಕೂಡ ಕುಡಿಯಲಿಲ್ಲ. "ನಾಳೆಯಿಂದ ಆರಕ್ಕೆ ನಮ್ಮ ಜೊತೆ ಬರುದು" ಎಂದಳು. ನನ್ನ ಬಾಯಿಯಿಂದ, ನಾನು ಯೋಚಿಸುವ ಮೊದಲೇ, "ಬೆಳಿಗ್ಗೆ ಚಳಿ ಇರ್ತದಲ್ಲ ಅಮ್ಮ" ಎಂಬ ಮಾತು ಹೊರಟಿತು. ಅಮ್ಮ ಮೆಷಿನಿನ ಮೇಲಿದ್ದ ಟೇಪು ತೆಗೆದು ನನ್ನ ಸೊಂಟಕ್ಕೆ ಸುತ್ತಿದಳು, ಒಮ್ಮೆ ಸಡಿಲಿಸಿ ಇನ್ನೊಮ್ಮೆ ಸುತ್ತಿದಳು, ಕನ್ನಡಕ ಹಾಕಿಕೊಂಡು ಅಂಕಿಯನ್ನು ಗಟ್ಟಿಯಾಗಿ ಓದಿದಳು. ಪಕ್ಕದ ಮನೆಯ ಜುಬೈದಕ್ಕನಿಗೂ ಕೇಳಿಸಿರಬೇಕು.

"ಬರೆದುಕೋ" ಎಂದಳು.

ಪೆನ್ನು ಸಿಗಲಿಲ್ಲ ಎಂದೆ.